ಇಂದ್ರಾಯಣಿಯ ದಡದ ಹಾಡು

ಕಳೆದ ರಾಜ್ಯೋತ್ಸವದ ಸಂಜೆ ನಡೆದ ಸಣ್ಣ ಗಲಾಟೆ ಸದಸ್ಯರಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ದೇಹೂ ರೋಡ್ ಕಡೆಯ ಹುಡುಗಿಯೊಬ್ಬಳು, ಎಂಟನೆಯ ಇಯತ್ತೆಯವಳು, ‘ಇಂದ್ರಾಯಣಿ ಕಾಠಿ’ ಹಾಡಿದಳು. ಹಾಡಿಗೆ ಮುಂಚೆ ನಿರೂಪಕರು “ಈಗ ಸಂತ ಜ್ಞಾನೇಶ್ವರರ ಅಭಂಗ” ಎಂದು ಸಾರಿದ್ದರು. ಹಾಡು ಚೆನ್ನಾಗಿಯೇ ಆಯಿತು. ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, “ಕನ್ನಡ ರಾಜ್ಯೋತ್ಸವದಾಗ ಮರಾಠಿ ಹಾಡು ಯಾಕ್ರೀ?” ಎಂದು ಕೇಳಿಬಿಟ್ಟರು. ಹುಡುಗಿ ಮೈಕಿನ ಮುಂದೆ ಹಾಗೆಯೇ ನಿಂತಿದ್ದಳು. ಆಮೇಲೆ ಚಹಾದ ಹೊತ್ತಿನಲ್ಲಿ ನಮ್ಮ ಹತ್ತಿರ ಬಂದು, “ಕಾಕಾ, ಭೀಮಸೇನ ಜೋಶಿಯವರ ಹಾಡಂತ ಹಾಡಿದೆ. ಅವರು ನಮ್ಮವರಲ್ಲೇನು?” ಎಂದು ಕೇಳಿದಳು. ಆಗ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಲೇಖನ ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲಿಗೆ, ಆ ಹಾಡು ಜ್ಞಾನೇಶ್ವರರದಲ್ಲ. ಆಗಿರಲಿಕ್ಕೂ ಸಾಧ್ಯವಿಲ್ಲ. ಆಳಂದಿಯಲ್ಲಿ ಜ್ಞಾನೇಶ್ವರರು ಸಮಾಧಿಯಲ್ಲಿ ಕುಳಿತ ಚಿತ್ರವೇ ಅದರ ವಸ್ತು. 1296ರಲ್ಲಿ ಸಮಾಧಿಸ್ಥರಾದವರು ತಮ್ಮ ಸಮಾಧಿಯ ವೈಭವವನ್ನು ತಾವೇ ಹಾಡುವುದೆಂತು? ಇಷ್ಟು ಸರಳ ತರ್ಕ ಬಿ.ಎಸ್ಸಿ. ಓದಿದ ನಮಗೂ ಎಷ್ಟೋ ವರ್ಷ ಹೊಳೆದಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಹೊಳೆದ ಮೇಲೆ ಇನ್ನೊಂದು ತಪ್ಪು ಮಾಡಿದೆವು. ಜ್ಞಾನೇಶ್ವರರದಲ್ಲವಾದರೆ ತುಕಾರಾಮರದೇ ಇರಬೇಕೆಂದು ಆಫೀಸಿನಲ್ಲಿ ಎರಡು ಪ್ಲೇಟ್ ಭಜಿಯ ಪಂದ್ಯ ಕಟ್ಟಿದೆವು. ನಮ್ಮ ಸ್ಟೇಷನ್ನಿನಿಂದ ದೇಹೂ ಐದಾರು ಕಿಲೋಮೀಟರು. ಅಲ್ಲಿಂದ ತುಕಾರಾಮರ ಗಾಥಾ ತಂದು, ಸುಮಾರು ನಾಲ್ಕೂವರೆ ಸಾವಿರ ಅಭಂಗಗಳಲ್ಲಿ ಒಂದು ತಿಂಗಳು ಸಂಜೆಹೊತ್ತು ಹುಡುಕಿದೆವು. ಸಿಗಲಿಲ್ಲ. ಕೊನೆಗೆ ಪಕ್ಕದ ಟೇಬಲ್ಲಿನ ಮರಾಠಿ ಮಿತ್ರರು ನಕ್ಕು, “ಅಹೋ, ಅದು ಸಿನಿಮಾದ ಹಾಡು!” ಎಂದರು. ಭಜಿ ನಾವೇ ಕೊಡಿಸಿದೆವು.

ಹೌದು, ಅದು ಚಿತ್ರಗೀತೆ. 1953ರಲ್ಲಿ ಬಂದ ‘ಗುಳಾಚಾ ಗಣಪತಿ’ ಎಂಬ ಮರಾಠಿ ಚಿತ್ರದ್ದು. ಕಥೆ, ಸಂಗೀತ, ನಿರ್ದೇಶನ, ಮುಖ್ಯ ಪಾತ್ರ ಎಲ್ಲವೂ ಪು. ಲ. ದೇಶಪಾಂಡೆಯವರದು. ಹಾಡು ಬರೆದವರು ಸಾಂಗ್ಲಿ ಜಿಲ್ಲೆಯ ಗ. ದಿ. ಮಾಡಗೂಳಕರ್. ಎರಡು ವರ್ಷಗಳ ನಂತರ, 1955ರಲ್ಲಿ, ಪುಣೆ ಆಕಾಶವಾಣಿಗಾಗಿ ‘ಗೀತ ರಾಮಾಯಣ’ ಬರೆದವರೂ ಅವರೇ. ಹಾಡಿದವರು ಮೂವತ್ತೊಂದರ ಹರೆಯದ ಭೀಮಸೇನ ಜೋಶಿ. ರಾಗ ಭೀಮಪಲಾಸ. ಅಭಂಗದ ಕೊನೆಯಲ್ಲಿ ಸಂತರ ಹೆಸರಿನ ಮುದ್ರೆ ಇರಬೇಕು, ನಮ್ಮ ದಾಸರ ಪದಗಳಲ್ಲಿ ಅಂಕಿತ ಇರುವ ಹಾಗೆ. ಈ ಹಾಡಿನಲ್ಲಿ ಅದಿಲ್ಲ. ಅಷ್ಟನ್ನು ನೋಡಿದ್ದರೆ ಒಂದು ತಿಂಗಳ ಹುಡುಕಾಟವೂ ಭಜಿಯ ದುಡ್ಡೂ ಉಳಿಯುತ್ತಿದ್ದವು.

ಇಂಥ ಮೋಸ ಹೋದವರಲ್ಲಿ ನಾವು ಮೊದಲಿಗರಲ್ಲ. 1936ರಲ್ಲಿ ಪುಣೆಯ ಪ್ರಭಾತ್ ಕಂಪನಿ ತೆಗೆದ ‘ಸಂತ ತುಕಾರಾಮ್’ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸರು ಹಾಡಿದ ‘ಆಧೀ ಬೀಜ ಏಕಲೇ’ ತುಕಾರಾಮರದೇ ರಚನೆಯೆಂದು ಬಹುಮಂದಿ ನಂಬಿದ್ದರು. ಬರೆದವರು ಶಾಂತಾರಾಮ ಆಠವಲೆ ಎಂಬ ಚಿತ್ರಕವಿ. ಕವಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎನ್ನುವವರಿದ್ದಾರೆ. ನಮಗೆ ಮಾತ್ರ ಅನುಮಾನ. ಹೊಗಳಿಕೆ ಹಾಡಿಗೆ ಸಂದಿತು, ಮನುಷ್ಯನ ಹೆಸರು ಅಳಿಸಿಹೋಯಿತು.

ಈ ಅಳಿಸುವಿಕೆಯಲ್ಲಿ ಮರುಗಾಯನದ ಪಾತ್ರ ದೊಡ್ಡದು. ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಚಿತ್ರದ ಧ್ವನಿಮುದ್ರಣದಲ್ಲಿ ಭೀಮಸೇನರು ಅಷ್ಟರೊಳಗೇ ಹೇಳುವುದನ್ನೆಲ್ಲ ಹೇಳಿ ಮುಗಿಸುತ್ತಾರೆ. ತಾನು ಅನಾವಶ್ಯಕವಾಗಿ ಒಂದೂ ಇಲ್ಲ. ಮುಂದೆ ‘ಸಂತವಾಣಿ’ ಕಚೇರಿಗಳಲ್ಲಿ ಅಭಂಗಗಳು ಅವರ ಕೈಯಲ್ಲಿ ಬೆಳೆದವು. ಪಖವಾಜು, ತಾಳಗಳು ಸೇರಿದವು, ವಿಠಲನಾಮದ ಘೋಷಕ್ಕೆ ಸಭೆಯೇ ದನಿಗೂಡಿಸತೊಡಗಿತು. ನಾಮದೇವರ, ತುಕಾರಾಮರ ನಿಜವಾದ ಅಭಂಗಗಳ ಪಕ್ಕದಲ್ಲೇ ಕುಳಿತ ಈ ಹಾಡು ಅವುಗಳದೇ ಕುಲಕ್ಕೆ ಸೇರಿಹೋಯಿತು. ಸಿನಿಮಾ ಮರೆತುಹೋಯಿತು. ಹಾಗೆ ನೋಡಿದರೆ ಈ ಹಾಡಿನ ಮೊಟ್ಟಮೊದಲ ಮರುಗಾಯಕರು ಭೀಮಸೇನರೇ.

ಅವರ ನಂತರ ಆ ಅಭಂಗಗಳನ್ನು ಎತ್ತಿಕೊಂಡವರಲ್ಲಿ ಶಿಷ್ಯರಾದ ಆನಂದ ಭಾಟೆ ಮತ್ತು ಉಪೇಂದ್ರ ಭಟ್ಟರು, ನಮ್ಮ ಹುಬ್ಬಳ್ಳಿಯ ಜಯತೀರ್ಥ ಮೇವುಂಡಿಯವರು ಇದ್ದಾರೆ. ಭಾಟೆಯವರ ದನಿಯಲ್ಲಿ ಒಂದು ನಯ. ಮೇವುಂಡಿಯವರು ಮೇಲಿನ ಷಡ್ಜಕ್ಕೇರಿ ನಿಂತರೆ ಕಣ್ಣು ಮುಚ್ಚಿ ಕೇಳುವವರಿಗೆ ಗುರುಮನೆ ಯಾವುದೆಂದು ಹೇಳಬೇಕಾಗಿಲ್ಲ. ಆದರೆ ನಮ್ಮ ಮನಸ್ಸಿಗೆ ಅತಿ ಹತ್ತಿರವಾದ ಗಾಯನ ಇವರಾರದೂ ಅಲ್ಲ. ಒಂದು ಜ್ಯೇಷ್ಠದಲ್ಲಿ ತುಕಾರಾಮರ ಪಾಲಕಿ ಆಕುರ್ಡಿಯತ್ತ ಹೊರಟಾಗ, ಮಳೆಗೆ ನಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ನಿಂತ ನಾಲ್ಕೈದು ಮಂದಿ ವಾರಕರಿ ಹೆಂಗಸರು ಇದನ್ನು ಹಾಡಿದರು. ಹಾರ್ಮೋನಿಯಂ ಇಲ್ಲ, ರಾಗ ಅರ್ಧಕ್ಕರ್ಧ ಬದಲಾಗಿತ್ತು, ಎರಡು ಸಾಲು ಹಿಂದುಮುಂದಾಗಿದ್ದವು. ಚಹಾ ಕೊಡುತ್ತ ನಮ್ಮ ಮನೆಯವರು, ಯಾರದು ಹಾಡು ಎಂದು ಕೇಳಿದರು. “ಮಾವುಲಿಯದು,” ಎಂದರು ಅವರಲ್ಲೊಬ್ಬ ಮುದುಕಿ. ಮಾವುಲಿ ಎಂದರೆ ತಾಯಿ, ಜ್ಞಾನೇಶ್ವರರನ್ನು ಅವರು ಕರೆಯುವ ಹೆಸರು. ಮಾಡಗೂಳಕರರ ಹೆಸರು ನಮ್ಮ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಹೇಳಬೇಕಾಗಿತ್ತೇನೋ, ಇಂದಿಗೂ ತಿಳಿಯದು.

ಕಾನೂನಿನ ಪ್ರಕಾರವಾದರೆ ಹೇಳಲೇಬೇಕು. 1957ರ ಕೃತಿಸ್ವಾಮ್ಯ ಕಾಯಿದೆ ಗೊತ್ತಾದ ಷರತ್ತುಗಳ ಮೇಲೆ ಮರುಧ್ವನಿಮುದ್ರಣಕ್ಕೆ ದಾರಿ ಬಿಟ್ಟಿತ್ತು. ಎಂಬತ್ತರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳಲ್ಲಿ ಹಳೆಯ ಹಿಂದಿ ಹಾಡುಗಳು ಹೊಸ ದನಿಗಳಲ್ಲಿ ಸುರಿದದ್ದು ಇದೇ ದಾರಿಯಿಂದ. 2012ರ ತಿದ್ದುಪಡಿ ಇದನ್ನು ಬಿಗಿ ಮಾಡಿ, ಮೂಲ ಮುದ್ರಣವಾಗಿ ಐದು ವರ್ಷ ಕಳೆದಿರಬೇಕು, ಇದು ಮರುಗಾಯನವೆಂದು ಹೊದಿಕೆಯ ಮೇಲೆ ಕಾಣಿಸಬೇಕು ಎಂದಿತು. ಜಗಲಿಯಲ್ಲಿ ಹಾಡುವ ಮುದುಕಿಗೆ ಹೊದಿಕೆ ಎಲ್ಲಿಂದ ತರುವುದು!

ಇನ್ನು ಹಿರಿಯರ ಪ್ರಶ್ನೆ. ಭೀಮಸೇನರು 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿ, ಗದಗಿನಲ್ಲಿ ಬೆಳೆದು, ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟವರು. ಕಡೆಗೆ ಗುರು ಸಿಕ್ಕಿದ್ದು ಊರ ಹತ್ತಿರದ ಕುಂದಗೋಳದಲ್ಲೇ, ಸವಾಯಿ ಗಂಧರ್ವರು. ಆಮೇಲೆ ಪುಣೆಯೇ ಮನೆಯಾಯಿತು. ಗುರುವಿನ ಹೆಸರಿನ ಸಂಗೀತೋತ್ಸವ ಇಲ್ಲಿ ಆರಂಭವಾದದ್ದೂ ಈ ಹಾಡು ಬಂದ 1953ರಲ್ಲೇ. 2008ರಲ್ಲಿ ಭಾರತರತ್ನ ಘೋಷಣೆಯಾಯಿತು, 2011ರ ಜನವರಿ 24ರಂದು ಇದೇ ಊರಿನಲ್ಲಿ ತೀರಿಕೊಂಡರು. ಬದುಕೆಲ್ಲ ಮರಾಠಿ ಊರಿನಲ್ಲಿ ಕಳೆದವರು ಪುರಂದರದಾಸರನ್ನು ಬಿಡಲಿಲ್ಲ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಷ್ಟೋ ಮರಾಠಿ ಮನೆಗಳಿಗೆ ತಲುಪಿದ್ದು ಅವರಿಂದ. ವಿಠಲನನ್ನೇ ಕರ್ನಾಟಕದವನೆಂದು ಕರೆಯುವ ಅಭಂಗವೊಂದು ಜ್ಞಾನೇಶ್ವರರ ಹೆಸರಿನಲ್ಲಿ ಇದೆ. ಇಂದ್ರಾಯಣಿಯಂತೂ ಲೋಣಾವಳದ ಕಡೆ ಹುಟ್ಟಿ, ದೇಹೂ, ಆಳಂದಿ ದಾಟಿ ತುಳಾಪುರದಲ್ಲಿ ಭೀಮೆಯನ್ನು ಕೂಡಿ, ಪಂಢರಪುರದ ಮೇಲಿಂದ ನಮ್ಮ ಗಾಣಗಾಪುರಕ್ಕೇ ಹೋಗುತ್ತದೆ. ನೀರಿಗೆ ಇಲ್ಲದ ಗಡಿ ಹಾಡಿಗೆ ಬೇಕೆನ್ನುವವರೊಡನೆ ನಮಗೆ ಜಗಳವಿಲ್ಲ, ಆದರೆ ಎಂಟನೆಯ ಇಯತ್ತೆಯ ಮಗುವನ್ನು ವೇದಿಕೆಯ ಮೇಲೆ ನಿಲ್ಲಿಸಿ ಕೇಳುವ ಪ್ರಶ್ನೆ ಅದಲ್ಲ.

ಈ ಸಲ ಆ ಹುಡುಗಿ ಕನ್ನಡದ್ದೇ ಕಲಿಯುತ್ತಿದ್ದಾಳೆ. ಅ. ನ. ಕೃಷ್ಣರಾಯರ ಕಾದಂಬರಿಯಿಂದ 1966ರಲ್ಲಿ ತೆಗೆದ ‘ಸಂಧ್ಯಾರಾಗ’ ಚಿತ್ರದ ‘ನಂಬಿದೆ ನಿನ್ನ ನಾದದೇವತೆಯೇ’. ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ಅದು ಭೀಮಸೇನರ ಕಂಠದಲ್ಲೂ ಇದೆ, ಬಾಲಮುರಳಿಕೃಷ್ಣರ ಕಂಠದಲ್ಲೂ ಇದೆ. ಯಾವ ದಾರಿ ಹಿಡಿಯಬೇಕೆಂದು ಅವಳಿಗಿನ್ನೂ ನಿಶ್ಚಯವಾಗಿಲ್ಲ. ಎರಡನೆಯ ಹಾಡಾಗಿ ‘ಇಂದ್ರಾಯಣಿ ಕಾಠಿ’ಯನ್ನೇ ಹಾಡು ಎಂದಿದ್ದೇವೆ. ನಿರೂಪಕರಿಗೆ ಕೊಡಲು ಚೀಟಿಯೊಂದನ್ನು ಈಗಲೇ ಬರೆದಿಟ್ಟಿದ್ದೇವೆ: ಚಿತ್ರ, ‘ಗುಳಾಚಾ ಗಣಪತಿ’, 1953, ರಚನೆ, ಗ. ದಿ. ಮಾಡಗೂಳಕರ್, ಸಂಗೀತ, ಪು. ಲ. ದೇಶಪಾಂಡೆ, ಮೊದಲು ಹಾಡಿದವರು, ರೋಣದ ಭೀಮಸೇನ ಗುರುರಾಜ ಜೋಶಿ.