ಸಿಐಎಂಸಿ-ಟಿಯಾನ್‌ಡಾ

ಚೀನಾದ ಶೆನ್‌ಝೆನ್‌ನಲ್ಲಿರುವ ಅಗ್ನಿಶಾಮಕ ವಾಹನ ಮತ್ತು ವಿಮಾನ ನಿಲ್ದಾಣ ಸಲಕರಣೆಗಳ ತಯಾರಕ ಕಂಪನಿ. ಹಡಗು ಕಂಟೇನರ್ ತಯಾರಿಕೆಯಲ್ಲಿ ಜಗತ್ತಿಗೇ ದೊಡ್ಡದಾದ ಸಿಐಎಂಸಿ ಸಮೂಹಕ್ಕೆ ಸೇರಿದೆ. 1992ರಲ್ಲಿ ಶುರುವಾದಾಗ ಇದು ತಯಾರಿಸುತ್ತಿದ್ದದ್ದು ಪ್ರಯಾಣಿಕರು ವಿಮಾನ ಹತ್ತುವ ಏರೋಬ್ರಿಡ್ಜ್‌ಗಳನ್ನು.

ಸಮೂಹವು ಅಗ್ನಿಶಾಮಕ ವಾಹನಗಳತ್ತ ಹೊರಳಿದ ಬಗೆ ಕುತೂಹಲಕರ. ಜರ್ಮನಿಯ ಗಿಂಗನ್ ಪಟ್ಟಣದಲ್ಲಿ 1891ರಲ್ಲಿ ಆಲ್ಬರ್ಟ್ ಝೀಗ್ಲರ್ ನೀರಿನ ಕೊಳವೆ ನೇಯುವ ಕಾರ್ಖಾನೆ ತೆರೆದಿದ್ದ. ಅದು ಬೆಳೆದು ಯುರೋಪಿನ ಹೆಸರಾಂತ ಅಗ್ನಿಶಾಮಕ ವಾಹನ ಕಂಪನಿಯಾಯಿತು. ಪೈಪೋಟಿಯ ಕಂಪನಿಗಳೊಡನೆ ಒಳಒಪ್ಪಂದ ಮಾಡಿಕೊಂಡು ಮಾರುಕಟ್ಟೆ ಹಂಚಿಕೊಂಡದ್ದಕ್ಕೆ 2011ರಲ್ಲಿ ಜರ್ಮನಿಯ ಸ್ಪರ್ಧಾ ನಿಯಂತ್ರಣ ಕಚೇರಿ ದಂಡ ಹಾಕಿತು. ಅದೇ ವರ್ಷ ಝೀಗ್ಲರ್ ದಿವಾಳಿ ಅರ್ಜಿ ಸಲ್ಲಿಸಿತು. 2013ರಲ್ಲಿ ಸಿಐಎಂಸಿ ಅದನ್ನು ಕೊಂಡಿತು. ಶತಮಾನದ ಕಸುಬುಗಾರಿಕೆ ಹೀಗೆ ಒಂದೇ ವ್ಯವಹಾರದಲ್ಲಿ ಕೈಗೆ ಬಂದದ್ದೇ ಈ ಇತಿಹಾಸದ ನಿರ್ಣಾಯಕ ಘಟ್ಟ.

ಏರೋಬ್ರಿಡ್ಜಿಗೂ ಒಂದು ಬಗೆಯ ಅಗ್ನಿಶಾಮಕ ವಾಹನಕ್ಕೂ ಗಿರಾಕಿ ಒಬ್ಬನೇ: ವಿಮಾನ ನಿಲ್ದಾಣ. ಅಂತರರಾಷ್ಟ್ರೀಯ ನಿಯಮದಂತೆ ರನ್‌ವೇಯ ಯಾವ ತುದಿಗಾದರೂ ವಾಹನ 3 ನಿಮಿಷದೊಳಗೆ ಮುಟ್ಟಬೇಕು. ಝೀಗ್ಲರ್‌ನ ವಿಮಾನ ನಿಲ್ದಾಣ ವಾಹನಗಳಲ್ಲಿ ನೀರಿನ ಫಿರಂಗಿ ಚಾವಣಿಯ ಮೇಲಿರುತ್ತದೆ. ಸಿಬ್ಬಂದಿ ಕೆಳಗಿಳಿಯದೆ, ಗಾಡಿ ಓಡುತ್ತಿರುವಾಗಲೇ, ನೊರೆ ಚಿಮ್ಮಿಸಬಹುದು.

ಸಿಚುವಾನ್‌ನ ಅಗ್ನಿಶಾಮಕ ಕಾರ್ಖಾನೆಯ ಒಡೆತನವಿದ್ದ, ಹಾಂಗ್‌ಕಾಂಗ್ ಷೇರುಪೇಟೆಯಲ್ಲಿದ್ದ ಕಂಪನಿಯೊಡನೆ ಏರೋಬ್ರಿಡ್ಜ್ ಮತ್ತು ಝೀಗ್ಲರ್ ವ್ಯವಹಾರಗಳು ಒಂದಾಗಿ, 2018ರಲ್ಲಿ ಅದಕ್ಕೆ ಸಿಐಎಂಸಿ-ಟಿಯಾನ್‌ಡಾ ಹೆಸರು ಬಂತು. ಬಳಿಕ ಶೆನ್ಯಾಂಗ್ ಮತ್ತು ಶಾಂಘೈನ ತಯಾರಕರೂ ಸೇರಿದರು. 2021ರಲ್ಲಿ ಕಂಪನಿ ಷೇರುಪೇಟೆಯಿಂದ ಹೊರಬಂತು.