ಗಣಕದೊಳಗಿನ ಮಂಜುಗಡ್ಡೆ

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್‌ಗಳ ಮೇಲೆ ಧನಾವೇಶವಿದೆ; ಅದಕ್ಕೆ ಸರಿಸಮನಾದ ಋಣಾವೇಶವನ್ನು ಲೆಕ್ಕದಲ್ಲಿ ಎಲ್ಲಿ ಇಡಬೇಕು? ಜೆ.ಡಿ. ಬರ್ನಾಲ್ ಮತ್ತು ರಾಲ್ಫ್ ಫೌಲರ್ 1933ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಹಿಂದಿನ ವರ್ಷ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದು ಇಬ್ಬರೂ ಕಾಯುತ್ತ ಕೂರಬೇಕಾಯಿತು. ಆ ಮಂಜಿನ ಮಾತೇ ನೀರಿನ ರಚನೆಯ ಚರ್ಚೆಯಾಗಿ ಬೆಳೆಯಿತು. ಅವರ ಮಾದರಿಯಲ್ಲಿ ಋಣಾವೇಶ ಆಕ್ಸಿಜನ್ ಮೇಲೆಯೇ ಇರಲಿಲ್ಲ. ಹೈಡ್ರೋಜನ್‌ಗಳ ಕಡೆಗೆ ಸುಮಾರು 0.15 ಆಂಗ್‌ಸ್ಟ್ರಾಮ್ ಸರಿದಿತ್ತು. ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಇಷ್ಟು ಸಣ್ಣ ಅಂತರದ ಬೆಲೆ ತಿಳಿಯಲು ಎಪ್ಪತ್ತು ವರ್ಷ ಬೇಕಾಯಿತು. ಅದನ್ನು ತಿಳಿಸಿದ್ದು ಮಂಜುಗಡ್ಡೆ.

ಮಂಜುಗಡ್ಡೆ ಒಂದೇ ಬಗೆಯದಲ್ಲ. ಗುಸ್ಟಾವ್ ಟಮ್ಮನ್ 1900ರಲ್ಲಿ ಭಾರೀ ಒತ್ತಡ ಹೇರಿ ಎರಡನೆಯ ಮತ್ತು ಮೂರನೆಯ ಬಗೆಗಳನ್ನು ಪಡೆದ. ಪರ್ಸಿ ಬ್ರಿಡ್ಜ್‌ಮನ್ 1912ರಲ್ಲಿ ಐದನೆಯದನ್ನೂ ಆರನೆಯದನ್ನೂ ಸೇರಿಸಿದ. ಮನೆಯ ಫ್ರಿಜ್ಜಿನಲ್ಲಿ ಕಟ್ಟುವುದು ಮೊದಲನೆಯ ಬಗೆ. ಅದರಲ್ಲಿ ಪ್ರತಿ ಅಣುವೂ ನಾಲ್ಕು ನೆರೆಯ ಅಣುಗಳ ಕೈ ಹಿಡಿದು ಆರು ಮೂಲೆಯ ಬಳೆಗಳನ್ನು ಹೆಣೆಯುತ್ತದೆ. ಬಳೆಗಳ ನಡುವೆ ಬಯಲು ಉಳಿಯುತ್ತದೆ. ಆದ್ದರಿಂದಲೇ ಈ ಗಡ್ಡೆ ನೀರಿನಲ್ಲಿ ತೇಲುತ್ತದೆ. ಎರಡನೆಯ ಬಗೆಯಲ್ಲಿ ಅಣುಗಳು ಒತ್ತೊತ್ತಾಗಿ ಕೂತಿವೆ. ಅದು ನೀರಿನಲ್ಲಿ ಮುಳುಗುವಷ್ಟು ಭಾರ. ಆಯಾ ತಾಪ, ಒತ್ತಡಗಳಲ್ಲಿ ಯಾವುದರ ಮುಕ್ತ ಶಕ್ತಿ ಅತಿ ಕಡಿಮೆಯೋ ಅದೇ ಸ್ಥಿರ ಹರಳು. ಈ ಹರಳುಗಳ ನಡುವಿನ ಶಕ್ತಿಯ ವ್ಯತ್ಯಾಸ ಬಹಳ ಚಿಕ್ಕದು. ಮಾದರಿಯಲ್ಲಿ ಕೊಂಚ ದೋಷವಿದ್ದರೂ ಸ್ಥಾನ ಅದಲುಬದಲಾಗುತ್ತದೆ.

ನೀರನ್ನು ಗಣಕಕ್ಕೆ ತಂದವರಲ್ಲಿ ಮುಖ್ಯ ಹೆಸರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಅವರದು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಅವರು 1964ರಲ್ಲಿ ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕಿದ್ದರು. 1971ರಲ್ಲಿ ಫ್ರಾಂಕ್ ಸ್ಟಿಲಿಂಜರ್ ಜೊತೆಗೂಡಿ 216 ನೀರಿನ ಅಣುಗಳನ್ನು ಕೈಗೆತ್ತಿಕೊಂಡರು. ಇಂದು ಪ್ರೋಟೀನು, ಔಷಧಿಗಳವರೆಗೆ ಹಬ್ಬಿರುವ ವಿದ್ಯೆಗೆ ಇಷ್ಟು ಗಟ್ಟಿ ತಳಪಾಯ ಹಾಕಿದ ಈ ವಿಜ್ಞಾನಿಯ ಹೆಸರು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿದಿರಬೇಕಿತ್ತು.

1980ರ ದಶಕದಲ್ಲಿ ಸರಳ ಮಾದರಿಗಳು ಬಂದವು. ಹರ್ಮನ್ ಬೆರೆಂಡ್ಸನ್ ತಂಡದ ಎಸ್‌ಪಿಸಿ ಮತ್ತು ಅದನ್ನು 1987ರಲ್ಲಿ ತಿದ್ದಿದ ಎಸ್‌ಪಿಸಿ/ಇ ಋಣಾವೇಶವನ್ನು ಆಕ್ಸಿಜನ್ ಮೇಲೆಯೇ ಇಟ್ಟವು. ವಿಲಿಯಂ ಜಾರ್ಗೆನ್ಸನ್ ತಂಡದ 1983ರ ಟಿಪ್-4ಪಿ ಮಾತ್ರ ಬರ್ನಾಲ್–ಫೌಲರ್ ಹಾದಿ ಹಿಡಿದು ಅದನ್ನು 0.15 ಆಂಗ್‌ಸ್ಟ್ರಾಮ್ ಸರಿಸಿತು. ಎಲ್ಲವನ್ನೂ ತೂಗಿ ನೋಡಿದ್ದು ಕೋಣೆಯ ತಾಪದ ದ್ರವ ನೀರಿನ ಗುಣಗಳಿಂದ. ಆ ಪರೀಕ್ಷೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ತೇರ್ಗಡೆಯಾದವು.

ಹರಳಿನ ಪರೀಕ್ಷೆ ಕಷ್ಟದ್ದು, ಏಕೆಂದರೆ ಮುಕ್ತ ಶಕ್ತಿಯನ್ನು ಅಣುಗಳ ಚಲನೆಯಿಂದ ನೇರವಾಗಿ ಓದಲಾಗದು. ಡಾನ್ ಫ್ರೆಂಕೆಲ್ ಮತ್ತು ಆಂಥನಿ ಲ್ಯಾಡ್ 1984ರಲ್ಲಿ ದಾರಿ ತೋರಿದರು: ಪ್ರತಿ ಕಣವನ್ನೂ ಅದರ ಜಾಗಕ್ಕೆ ಸ್ಪ್ರಿಂಗಿನಿಂದ ಕಟ್ಟಿದ ಕಾಲ್ಪನಿಕ ಹರಳಿನ ಮುಕ್ತ ಶಕ್ತಿ ಸೂತ್ರದಿಂದಲೇ ಗೊತ್ತು, ಅಲ್ಲಿಂದ ಹೊರಟು ಸ್ಪ್ರಿಂಗುಗಳನ್ನು ಹಂತಹಂತವಾಗಿ ಸಡಿಲಿಸುತ್ತ ನಿಜವಾದ ಹರಳಿಗೆ ಬಂದು, ದಾರಿಯುದ್ದದ ವ್ಯತ್ಯಾಸವನ್ನು ಕೂಡಿಸುವುದು. ಮ್ಯಾಡ್ರಿಡ್‌ನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದ ಕಾರ್ಲೋಸ್ ವೇಗಾ, ಹೋಸೆ ಅಬಾಸ್ಕಲ್, ಎಡ್ವಾರ್ಡೊ ಸಾನ್ಸ್ ಮತ್ತು ಸಂಗಡಿಗರು ಈ ಬಗೆಯ ಲೆಕ್ಕದಿಂದ 2004ರಲ್ಲಿ ಯಾವ ತಾಪ, ಒತ್ತಡದಲ್ಲಿ ಯಾವ ಬಗೆ ಸ್ಥಿರವೆಂದು ತೋರಿಸುವ ಮಂಜುಗಡ್ಡೆಗಳ ಇಡೀ ನಕ್ಷೆಯನ್ನೇ ಬರೆದರು. ಟಿಪ್-4ಪಿ ನಕ್ಷೆ ನಿಜವಾದ ನೀರಿನದನ್ನು ಹೋಲಿತು. ಎಸ್‌ಪಿಸಿ/ಇ ಸೋತಿತು: ಸಾಮಾನ್ಯ ಒತ್ತಡದಲ್ಲಿ ಅದರ ಸ್ಥಿರ ಹರಳು ಎರಡನೆಯ ಬಗೆ. ಅಂದರೆ ಆ ಮಾದರಿಯ ಲೋಕದಲ್ಲಿ ಕೆರೆ ಹೆಪ್ಪುಗಟ್ಟಿದರೆ ಗಡ್ಡೆ ತಳಕ್ಕಿಳಿಯಬೇಕು. ದ್ರವದ ಪರೀಕ್ಷೆ ಮುಚ್ಚಿಟ್ಟಿದ್ದ ದೋಷವನ್ನು ಹರಳು ಬಯಲಿಗೆಳೆದಿತ್ತು.

ಕರಗುವ ತಾಪದ ಕಥೆ ಬೇರೆ. ಒಂದು ಪೆಟ್ಟಿಗೆಯಲ್ಲಿ ಅರ್ಧ ಗಡ್ಡೆ, ಅರ್ಧ ನೀರು ಇಟ್ಟು ನಡುವಿನ ಗಡಿ ಯಾವ ಕಡೆ ಸರಿಯುತ್ತದೆಂದು ನೋಡುವುದು ಒಂದು ವಿಧಾನ. ಗಡ್ಡೆ ಮುಂದುವರಿದರೆ ತಾಪ ಕರಗುವ ಬಿಂದುವಿಗಿಂತ ಕೆಳಗಿದೆ, ಹಿಂಜರಿದರೆ ಮೇಲಿದೆ. ನೈಜ ಗಡ್ಡೆ 273 ಕೆಲ್ವಿನ್‌ನಲ್ಲಿ ಕರಗಿದರೆ ಟಿಪ್-4ಪಿ ಗಡ್ಡೆ ಸುಮಾರು 232ರಲ್ಲೇ, ಎಸ್‌ಪಿಸಿ/ಇ ಸುಮಾರು 215ರಲ್ಲೇ ಕರಗಿತು. 2005ರಲ್ಲಿ ಮ್ಯಾಡ್ರಿಡ್ ತಂಡ ಟಿಪ್-4ಪಿಯ ಅಳತೆಗಳನ್ನು ತಿದ್ದಿ ಎರಡು ಮಾದರಿ ಕೊಟ್ಟಿತು. ಟಿಪ್-4ಪಿ/ಐಸ್ ಸುಮಾರು 272 ಕೆಲ್ವಿನ್‌ನಲ್ಲಿ ಕರಗುತ್ತದೆ. ಆದರೆ ಅದರ ನೀರು ಅತಿ ಸಾಂದ್ರವಾಗುವುದು 295ರ ಆಸುಪಾಸಿನಲ್ಲಿ. ಟಿಪ್-4ಪಿ/2005 ಸಾಂದ್ರತೆಯ ಶಿಖರವನ್ನು 278ರಲ್ಲಿ ಸರಿಯಾಗಿ ಹಿಡಿಯುತ್ತದೆ. ಕರಗುವುದು ಮಾತ್ರ 252ರ ಹತ್ತಿರ. ನಿಜವಾದ ನೀರಿನಲ್ಲಿ ಈ ಎರಡು ತಾಪಗಳ ಅಂತರ ನಾಲ್ಕೇ ಡಿಗ್ರಿ. ಈ ಎರಡೂ ಮಾದರಿಗಳಲ್ಲಿ ಅದು ಇಪ್ಪತ್ತನ್ನು ಮೀರುತ್ತದೆ.