ಬೆಕ್ಕಿನ ಭಯಕ್ಕೆ ಹೆಣೆದ ಸ್ವೆಟರ್

ಮೊನ್ನೆ ಐಸ್‌ಲೆಂಡಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬ ಅಲ್ಲಿನ ಉಣ್ಣೆ ಸ್ವೆಟರ್ ತಂದಿದ್ದ. ಕುತ್ತಿಗೆಯ ಸುತ್ತ ಬಳೆಯ ಹಾಗೆ ಚಿತ್ತಾರ ಇರುತ್ತಲ್ಲ, ಅದು. "ಸಾವಿರ ವರ್ಷದ ಡಿಸೈನು ಕಣೋ, ವೈಕಿಂಗರ ಕಾಲದ್ದು" ಅಂದ. ನಾನೂ ನಂಬಿಬಿಟ್ಟೆ. ಆಮೇಲೆ ಓದುತ್ತಾ ಹೋದರೆ, ಲೋಪಾಪೇಯ್ಸಾ ಎಂಬ ಈ ಸ್ವೆಟರ್ ಹುಟ್ಟಿದ್ದೇ 20ನೇ ಶತಮಾನದ ನಡುಭಾಗದಲ್ಲಿ. ನಮ್ಮಜ್ಜಿಗಿಂತ ಚಿಕ್ಕದು :)

ಹೆಣಿಗೆಯೇ ಆ ದ್ವೀಪಕ್ಕೆ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಮಗ್ಗದಲ್ಲಿ ನೇಯ್ದ ವಾದ್‌ಮಾಲ್ ಎಂಬ ಉಣ್ಣೆ ಬಟ್ಟೆಯಿತ್ತು. ಅದು ಬರೀ ಬಟ್ಟೆಯಲ್ಲ, ದುಡ್ಡು. ಬೆಲೆ ಕಟ್ಟುವುದು, ಸಾಲ ತೀರಿಸುವುದು ಎಲ್ಲ ಅದರ ಅಳತೆಯಲ್ಲೇ.

ನನಗೆ ಸ್ವೆಟರಿಗಿಂತ ಹೆಚ್ಚು ಹಿಡಿಸಿದ್ದು ಅದರ ಹಿಂದಿನ ಮನೆ. ಚಳಿಗಾಲದಲ್ಲಿ ರೇಕ್ಯಾವಿಕ್‌ನಲ್ಲೇ ಹಗಲು ಸುಮಾರು 4 ಗಂಟೆ. ಉತ್ತರಕ್ಕೆ ಹೋದರೆ ಇನ್ನೂ ಕಮ್ಮಿ. ಕಟ್ಟಿಗೆ ಇಲ್ಲದ ನಾಡು, ಹಾಗಾಗಿ ಹುಲ್ಲುಬೇರಿನ ಮಣ್ಣುಹೆಂಟೆ ಜೋಡಿಸಿ ದಪ್ಪ ಗೋಡೆಯ ಮನೆ. ಒಳಗೆ ಬಾದ್‌ಸ್ಟೋಫಾ ಎಂಬ ಒಂದೇ ಕೋಣೆ. ಹೆಸರಿನ ಅರ್ಥ ಬಚ್ಚಲಮನೆ. ಆದರೆ ಊಟ, ಕೆಲಸ, ನಿದ್ದೆ ಎಲ್ಲಾ ಅಲ್ಲೇ. ಎಷ್ಟೋ ಮನೆಗಳಲ್ಲಿ ಒಲೆಯೇ ಇಲ್ಲ, ಜನರ ಮೈಶಾಖವೇ ಗತಿ. ಕೆಲವು ಕಡೆ ಕೆಳಗೆ ದನದ ಕೊಟ್ಟಿಗೆ, ಮೇಲೆ ಮನುಷ್ಯರು. ಒಂದು ಹಾಸಿಗೆಗೆ ಇಬ್ಬರು. ಸ್ಕಾಗಾಫ್ಯೋರ್ದುರ್ ಜಿಲ್ಲೆಯ ಗ್ಲೌಂಬೈರ್‌ನಲ್ಲಿ ಅಂಥ ಮನೆಯೊಂದು ಇವತ್ತಿಗೂ ಇದೆ. 1947ರವರೆಗೆ ಜನ ವಾಸವಿದ್ದರು, 1952ರಿಂದ ವಸ್ತುಸಂಗ್ರಹಾಲಯ.

ಸಂಜೆಯಾದರೆ ಮೀನೆಣ್ಣೆ ದೀಪ ಹಚ್ಚಿ ಎಲ್ಲರೂ ಅವರವರ ಹಾಸಿಗೆ ಮೇಲೆ ಕೂತು ಉಣ್ಣೆ ಹಿಂಜುವುದು, ನೂಲುವುದು, ಹೆಣೆಯುವುದು. ಗಂಡಸರು, ಮಕ್ಕಳೂ ಸೇರಿ. ಒಬ್ಬರು ಮಾತ್ರ ದೀಪದ ಹತ್ತಿರ ಕೂತು ಸಾಗಾ ಓದುವರು, ಇಲ್ಲವೇ ರೀಮುರ್ ಎಂಬ ಪದ್ಯಕಥೆಗಳನ್ನು ರಾಗವಾಗಿ ಹಾಡುವರು. ಕೊನೆಗೆ ದೇವರ ಪ್ರಾರ್ಥನೆ. ಇದಕ್ಕೆ ಕ್ವೋಲ್ಡ್‌ವಾಕ, ಅಂದರೆ ಸಂಜೆಯ ಜಾಗರಣೆ ಅಂತ ಹೆಸರು. 1746ರಲ್ಲಿ ಡೆನ್ಮಾರ್ಕಿನ ದೊರೆಯ ಆಡಳಿತ ಇಂಥ "ಪೋಲಿ" ಕಥೆ, ರೀಮುರ್ ಓದಬಾರದು ಅಂತ ಆಜ್ಞೆ ಹೊರಡಿಸಿತು. ಜನ ಕೇಳಬೇಕಲ್ಲ!

ಇಲ್ಲಿಗೆ ಬಂದಾಗ ನನಗೆ ಆಹಾ, ಎಂಥಾ ಕೂಡುಕುಟುಂಬ ಅನ್ನಿಸಿತ್ತು. ಮುಂದೆ ಓದಿದಾಗ ಆ ಖುಷಿ ಇಳಿಯಿತು. ಆ ಕೋಣೆಯಲ್ಲಿದ್ದವರೆಲ್ಲ ಮನೆಯವರಲ್ಲ. ವಿಸ್ತಾರ್‌ಬಾಂಡ್ ಎಂಬ ಕಟ್ಟಳೆಯ ಪ್ರಕಾರ ಸ್ವಂತ ಒಕ್ಕಲುತನ ಇಲ್ಲದವನು ಯಾರದ್ದಾದರೂ ಮನೆಯಲ್ಲಿ ವರ್ಷದ ಆಳಾಗಿ ಇರಲೇಬೇಕು. 1490ರ ಒಂದು ಆಜ್ಞೆ ಅದನ್ನು ಬಿಗಿ ಮಾಡಿತು, ಸಡಿಲವಾಗಿದ್ದು 1894ರಲ್ಲಿ. 19ನೇ ಶತಮಾನದಲ್ಲಿ ಸುಮಾರು ಕಾಲುಭಾಗ ಜನ ಹೀಗೆ ಆಳುಗಳು. ಹೊಲಮನೆ ಇಲ್ಲದವರಿಗೆ ಮದುವೆಯೂ ಕಷ್ಟ. ಅಂದರೆ ಕಥೆ ಕೇಳುತ್ತಾ ಹೆಣೆಯುತ್ತಿದ್ದ ಹೆಂಗಸಿಗೆ ಆ ಮನೆ ತನ್ನದಲ್ಲ, ಬಹುಶಃ ಮುಂದೆಂದೂ ತನ್ನದೊಂದು ಮನೆ ಆಗುವುದೂ ಇಲ್ಲ. ಕಥೆ ಇದ್ದದ್ದು ಮನರಂಜನೆಗೋ, ನಿದ್ದೆ ಬಾರದಿರಲಿ ಅಂತಲೋ?

ಕ್ರಿಸ್‌ಮಸ್ ಹಿಂದಿನ ವಾರವಂತೂ ಕೆಲಸ ಮುಗಿಸುವ ಗಡಿಬಿಡಿ. (ನಮ್ಮ ರಿಲೀಸ್ ವಾರ ನೆನಪಾಯಿತು, ಹೋಲಿಸೋದು ತಪ್ಪು, ಗೊತ್ತು.) ತೂಕಡಿಸುವವರ ಕಣ್ಣುರೆಪ್ಪೆಗೆ ಸಣ್ಣ ಕಡ್ಡಿ ಸಿಕ್ಕಿಸುತ್ತಿದ್ದರು ಅಂತ ಅಲ್ಲಿನ ಜನಪದ ದಾಖಲೆಗಳು ಹೇಳುತ್ತವೆ. ಹಬ್ಬಕ್ಕೆ ಹೊಸ ಬಟ್ಟೆ ಸಿಗದವರನ್ನು ಕ್ರಿಸ್‌ಮಸ್ ಬೆಕ್ಕು ತಿಂದುಬಿಡುತ್ತದೆ ಎಂಬ ಹೆದರಿಕೆ ಬೇರೆ. ಮಕ್ಕಳಿಗೆ ಅದು ಕಥೆ. ಆಳುಗಳಿಗೆ?

ಜನ ಮೀನುಗಾರಿಕೆಗೆ, ಪೇಟೆಗೆ ಹೋದ ಮೇಲೆ ಈ ಜಾಗರಣೆ ಕರಗುತ್ತಾ ಬಂತು. 1930ರಲ್ಲಿ ರೇಡಿಯೋ ಬಂದು, ಮುಂದೆ ಕ್ವೋಲ್ಡ್‌ವಾಕ ಅನ್ನೋದು ಒಂದು ರೇಡಿಯೋ ಕಾರ್ಯಕ್ರಮದ ಹೆಸರಾಯಿತು. ರೀಮುರ್ ರಾಗಗಳು ಕಳೆದುಹೋಗಬಾರದೆಂದು 1929ರಲ್ಲಿ ಇಡುನ್ ಎಂಬ ಸಂಘ ಶುರುವಾಗಿ, 1930ರ ದಶಕದಲ್ಲಿ ಅವನ್ನು ಮುದ್ರಿಸಿಟ್ಟರು.

ಗೆಳೆಯನಿಗೆ ಇದೆಲ್ಲ ಹೇಳಿದೆ. "ಹಂಗಾದ್ರೆ ನಾನು ಜಾಸ್ತಿ ದುಡ್ಡು ಕೊಟ್ನಾ?" ಅಂತ ಕೇಳಿದ.